ಬಳ್ಳಿಗಾವಿಯ ಊರ ಚರಿತ್ರೆ: ಗ್ರಾಮ ನಕ್ಷೆಯಿಂದ ಶಾಸನಕ್ಕೆ

ಊರಿನ ಇತಿಹಾಸ ಬರೆಯುವವರು ರಾಜವಂಶದಿಂದಲೇ ಶುರು ಮಾಡುತ್ತಾರೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ನಾನು ಮೊದಲು ಗ್ರಾಮ ನಕ್ಷೆ ಹಿಡಿದೆ, ಶಾಸನ ಆಮೇಲೆ. ಚಾಲುಕ್ಯ, ಕಳಚುರಿ, ಹೊಯ್ಸಳರ ಕಥೆ ಬನವಾಸಿ ಹನ್ನೆರಡು ಸಾವಿರ ಎಂಬ ಹಳೆಯ ನಾಡಿನ ಯಾವ ಊರಿಗೆ ಅಂಟಿಸಿದರೂ ಅಂಟುತ್ತದೆ. ಈ ಊರಿಗೆ ಮಾತ್ರ ಸೇರಿದ್ದು ಕೆರೆ, ಗಡಿ ಮತ್ತು ಹೊಲದ ಹೆಸರುಗಳು.

ಹಳೆಯ ಗ್ರಾಮ ನಕ್ಷೆಯ ಅಳತೆ 1:7920, ಅಂದರೆ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ ಸುಮಾರು 79 ಮೀಟರ್. ಇದನ್ನು 1:50,000ದ ಟೋಪೋಶೀಟಿಗೆ (ಸರ್ವೆ ಇಲಾಖೆಯ ಭೂಲಕ್ಷಣ ನಕ್ಷೆ) ಕೂರಿಸಲು ಕನಿಷ್ಠ ಮೂರು ಸ್ಥಿರ ಬಿಂದು ಬೇಕು. ಮೂರು ಊರಿನ ಗಡಿ ಕೂಡುವ ಕಲ್ಲುಗಳು, ದೊಡ್ಡ ಕೆರೆ ಏರಿಯ ಎರಡು ತುದಿಗಳು ಒಳ್ಳೆಯವು. ರಸ್ತೆಯ ತಿರುವನ್ನು ನಂಬಬೇಡಿ, ರಸ್ತೆ ಸರಿದಿರುತ್ತದೆ. ಸುತ್ತಲಿನ ಊರುಗಳ ನಕ್ಷೆಯನ್ನೂ ತರಿಸಿ. ಶಾಸನದಲ್ಲಿ ಹೆಸರಿದ್ದು ಈಗ ಮನೆಯೇ ಇಲ್ಲದ ಊರು ಕಂದಾಯದ ಕಡತದಲ್ಲಿ ಬೇಚರಾಕ್ ಗ್ರಾಮವಾಗಿ ಉಳಿದಿರಬಹುದು. ಕೆರೆಯಂಗಳ ಗದ್ದೆಯಾಗಿದ್ದರೂ ಹಳೆ ನಕ್ಷೆಯಲ್ಲಿ ಏರಿಯ ಗೆರೆ ಸಿಗುವುದುಂಟು.

ಶಾಸನಗಳಿಗೆ ಬಿ. ಎಲ್. ರೈಸ್ ಅವರು ಸಂಪಾದಿಸಿದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೇ ಸಂಪುಟ (1902) ಬೇಕೇ ಬೇಕು. ಇಂಗ್ಲಿಷ್ ಅನುವಾದವನ್ನಷ್ಟೇ ಓದಿದರೆ ಸ್ಥಳನಾಮ ಕೈತಪ್ಪುತ್ತದೆ, ಕನ್ನಡ ಪಾಠವನ್ನೂ ಜೊತೆಗಿಟ್ಟುಕೊಳ್ಳಿ. ರಾಜರನ್ನು ಹೊಗಳುವ ಪ್ರಶಸ್ತಿಯ ಸಾಲು ದಾಟಿ ನೇರವಾಗಿ ಕಾಲಸೂಚನೆಗೂ ದಾನದ ಭೂಮಿಯ ಸೀಮೆಗೂ (ಗಡಿಗೂ) ಹೋಗಬಹುದು.

ಕಾಲಕ್ಕೆ ಲೆಕ್ಕ ಸುಲಭ. ಶಕ ವರ್ಷಕ್ಕೆ 78 ಕೂಡಿಸಿ. ಪುಷ್ಯದ ಕೊನೆ, ಮಾಘ, ಫಾಲ್ಗುಣವಾದರೆ 79. ಸಂವತ್ಸರ ತಾಳೆ ನೋಡಲು ಶಕಕ್ಕೆ 12 ಕೂಡಿಸಿ 60ರಿಂದ ಭಾಗಿಸಿ, ಶೇಷವೇ ಮೊದಲ ಸಂವತ್ಸರ ಪ್ರಭವದಿಂದ ಎಣಿಸಿದ ಸಂಖ್ಯೆ. ಊರಿನ ಗಂಡಭೇರುಂಡ ಕಂಬ 1047ರದು, ಅಂದರೆ ಶಕ 969. ಅದಕ್ಕೆ 12 ಕೂಡಿದರೆ 981, ಶೇಷ 21, ಸರ್ವಜಿತ್. ಒಂದು ವರ್ಷ ಆಚೀಚೆ ಬಂದರೆ ಗಾಬರಿ ಬೇಡ, ಕೆಲವು ಶಾಸನ ಗತವರ್ಷ (ಮುಗಿದ ವರ್ಷ) ಹೇಳುತ್ತವೆ, ಕೆಲವು ನಡೆಯುತ್ತಿರುವ ವರ್ಷ. ಆರನೇ ವಿಕ್ರಮಾದಿತ್ಯ ಶುರು ಮಾಡಿದ ಚಾಲುಕ್ಯ ವಿಕ್ರಮ ವರ್ಷವಿದ್ದರೆ 1075 ಕೂಡಿಸಿ. ಅದನ್ನು ಶಕವೆಂದು ಓದಿ ಸಾವಿರ ವರ್ಷ ಹಿಂದೆ ಹೋದ ಸ್ಮರಣ ಸಂಚಿಕೆಗಳೂ ಇವೆ!

ಭೂಮಿಯ ಅಳತೆಯೇ ನಿಜವಾದ ತಲೆನೋವು. ಮತ್ತರು, ಕಮ್ಮ ಎಂದಿದ್ದಲ್ಲಿ ಎಕರೆಗೆ ತಿರುಗಿಸಲು ಹೋಗಬೇಡಿ. ಅಳೆಯುವ ಗಳೆ (ಕೋಲು) ನಾಡಿನಿಂದ ನಾಡಿಗೆ ಬೇರೆ. ಈ ಕಡೆ ಭೇರುಂಡ ಗಳೆಯೂ ಇತ್ತು. ಮತ್ತರೆಂದೇ ಬರೆದು, ಗಳೆಯ ಹೆಸರಿದ್ದರೆ ಪಕ್ಕಕ್ಕೆ ಹಾಕಿ. ಸೀಮೆಯನ್ನು ಮೂಡ, ತೆಂಕ, ಪಡುವ, ಬಡಗ ಎಂದು ಕ್ರಮವಾಗಿ ಹೇಳುತ್ತಾರೆ. ಅದರಲ್ಲಿ ಬರುವ ಹುಣಸೆಮರ, ಹುತ್ತ ಹೋಗಿರುತ್ತವೆ, ಕೆರೆ ಮತ್ತು ನೆಟ್ಟ ಕಲ್ಲು ಉಳಿದಿರಬಹುದು. ಲಿಂಗಮುದ್ರೆಯ ಕಲ್ಲು ಶೈವ ದಾನದ ಗುರುತು, ಕೊಡೆ ಕಮಂಡಲ ಹಿಡಿದ ವಾಮನ ಬ್ರಾಹ್ಮಣ ದತ್ತಿಯದು, ಮುಕ್ಕೊಡೆ (ಮೂರು ಕೊಡೆ) ಜೈನರದು. ಬಳ್ಳಿಗಾವಿಯ ಶಾಸನವೊಂದು ಹರಿ, ಹರ, ಬ್ರಹ್ಮ, ಜಿನ, ಬುದ್ಧರ ಐದು ಮಠಗಳನ್ನು ಒಟ್ಟಿಗೆ ಹೆಸರಿಸುವುದರಿಂದ, ಇಲ್ಲಿ ಒಂದು ಮುದ್ರೆ ಕಂಡ ತಕ್ಷಣ ಇಡೀ ಕೇರಿಯನ್ನು ಒಂದು ಮತಕ್ಕೆ ಬರೆದುಕೊಡುವುದು ಸಲ್ಲದು.

ಕಲ್ಲಿನ ಮುಂದೆ ನಿಂತಾಗ ಸೀಮೆಸುಣ್ಣ, ಎಣ್ಣೆ ಹಚ್ಚಬೇಡಿ. ಸುಣ್ಣ ತುಂಬಿದ ಬಿರುಕು ಅಕ್ಷರದಂತೆ ಕಾಣುತ್ತದೆ, ಎಣ್ಣೆಗೆ ಧೂಳು ಹಿಡಿಯುತ್ತದೆ. ಟಾರ್ಚನ್ನು ಕಲ್ಲಿಗೆ ಒರಗಿಸಿದಂತೆ ಪಕ್ಕದಿಂದ ಹಿಡಿದರೆ ಸವೆದ ಸಾಲೂ ನೆರಳಲ್ಲಿ ಎದ್ದು ಬರುತ್ತದೆ. ಎಡದಿಂದ ಒಂದು, ಮೇಲಿನಿಂದ ಒಂದು ಫೋಟೊ ತೆಗೆಯಿರಿ.

ಕಲ್ಲು ಈಗಿರುವ ಜಾಗವೇ ಮೂಲ ಎಂದುಕೊಳ್ಳಬೇಡಿ. ಬಟ್ಟೆ ಒಗೆಯಲು, ಮೆಟ್ಟಿಲಿಗೆ ಎಂದು ಕಲ್ಲು ಊರಿಂದೂರಿಗೆ ಹೋಗಿರುತ್ತದೆ. ಕೇದಾರೇಶ್ವರ ಗುಡಿಯ ಆವರಣಕ್ಕೆ ತಂದಿಟ್ಟ ಶಿಲ್ಪಗಳದ್ದೂ ಇದೇ ಪ್ರಶ್ನೆ. ಪಟ್ಟಿಯಲ್ಲಿ ‘ಈಗಿನ ಜಾಗ’, ‘ಮೂಲ ಜಾಗ’ ಎಂದು ಎರಡು ಕಾಲಂ ಹಾಕಿ. ಶಾಸನದಲ್ಲಿ ಹೇಳಿದ ದಾನ ಒಂದು ಜಾಗದ ಕೆರೆ ಗದ್ದೆಗೆ ಹೊಂದಿದಾಗ ಮಾತ್ರ ಎರಡನೆಯದನ್ನು ತುಂಬಿ.