ಕಸದ ಫೋಲ್ಡರಿನಲ್ಲಿ ಸಿಕ್ಕಿದ ಸುರಂಗದ ಬಾವಲಿ: ರೆಕಾರ್ಡಿಂಗಿನ ಲೆಕ್ಕ ಇಡುವ ಬಗೆ

ವಿಟ್ಲದ ಹತ್ತಿರ ನಮ್ಮ ಮೂಲಮನೆ. ತೋಟದ ಮೇಲಿನ ಗುಡ್ಡದಲ್ಲಿ ಅಜ್ಜನ ಕಾಲದ ಒಂದು ಸುರಂಗ ಉಂಟು, ಮುರಕಲ್ಲು ಕೊರೆದು ನೀರು ತಂದದ್ದು. ನೀರು ಬತ್ತಿದ ಮೇಲೆ ಅದು ಬಾವಲಿಗಳ ಪಾಲಾಯಿತು. ನಾನಿರುವುದು ಮಂಗಳೂರಿನ ಬಿಜೈಯಲ್ಲಿ. ಬ್ಯಾಂಕಿನಿಂದ ನಿವೃತ್ತನಾದ ವರ್ಷ ಎಂ.ಎಸ್ಸಿ. ಓದುವ ಅಕ್ಕನ ಮಗಳು ಒಂದು ಆಡಿಯೋಮಾತ್, ಅಂದರೆ ನಮ್ಮ ಕಿವಿಗೆ ಕೇಳದ ಬಾವಲಿಯ ಕೂಗನ್ನೂ ರೆಕಾರ್ಡ್ ಮಾಡುವ ಯಂತ್ರ, ತಂದು ಕೈಯಲ್ಲಿಟ್ಟಳು. "ಮಾವ, ಹೇಗೂ ಶನಿವಾರ ಊರಿಗೆ ಹೋಗ್ತೀರಲ್ವಾ, ಇದನ್ನ ಸುರಂಗದ ಬಾಯಿಯ ಹತ್ತಿರ ಕಟ್ಟಿ ಬನ್ನಿ. ಒಳಗೆ ಮಾತ್ರ ಹೋಗ್ಬೇಡಿ."

ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಯಂತ್ರ. ಮೂರು ಪೆನ್ಸಿಲ್ ಸೆಲ್, ಒಂದು ಮೆಮೊರಿ ಕಾರ್ಡ್. ಹೆಸರಿನಲ್ಲಿ ಮಾತ್ ಇದ್ದರೂ ಅದು ಆಡುವುದಿಲ್ಲ, ಕೇಳುವುದು ಮಾತ್ರ. ಇಂಗ್ಲಿಷಿನಲ್ಲಿ ಮಾತ್ ಅಂದರೆ ಪತಂಗವಂತೆ.

ಕಟ್ಟುವುದು ಸುಲಭ. ಕಷ್ಟ ಇರುವುದು ಮರುದಿನ, ಕಾರ್ಡಿನಲ್ಲಿ ಸಾವಿರ ಫೈಲು ಕಂಡಾಗ. ಅದಕ್ಕೇ ಈ ಬರಹ. ಬಾವಲಿ ಗುರುತಿಸುವುದನ್ನು ಕಲಿಸುವಷ್ಟು ನನಗೆ ಗೊತ್ತಿಲ್ಲ. ಆದರೆ ಬ್ಯಾಂಕಿನವನಿಗೆ ಲೆಕ್ಕ ಗೊತ್ತು.

ಕಟ್ಟುವ ಮೊದಲೇ ಎಷ್ಟು ಫೈಲು ಬರಬೇಕು ಅಂತ ಬರೆದಿಟ್ಟುಕೊಳ್ಳಿ. ನಾನು ಇಡುವುದು ಸಂಜೆ ಆರೂವರೆಯಿಂದ ಒಂಬತ್ತೂವರೆ. ಐದು ಸೆಕೆಂಡ್ ರೆಕಾರ್ಡಿಂಗ್, ಐದು ಸೆಕೆಂಡ್ ವಿರಾಮ. ಹತ್ತು ಸೆಕೆಂಡಿಗೆ ಒಂದು ಫೈಲಾದರೆ ಮೂರು ಗಂಟೆಗೆ 1,080. ವೇಗ 384 ಕಿಲೋಹರ್ಟ್ಜ್, ಅಂದರೆ ಸೆಕೆಂಡಿಗೆ 3,84,000 ಸಲ ಶಬ್ದವನ್ನು ಅಳೆಯುವುದು. ಒಂದೊಂದು ಅಳತೆಗೆ ಎರಡು ಬೈಟ್. ಹಾಗಾಗಿ ಒಂದು ಫೈಲು 3.84 ಎಂಬಿ, ಒಟ್ಟು 4 ಜಿಬಿ ಚಿಲ್ಲರೆ. ವಿರಾಮ ಇಲ್ಲದೆ ರಾತ್ರಿಯಿಡೀ ಹನ್ನೊಂದು ಗಂಟೆ ಓಡಿಸಿದರೆ 30 ಜಿಬಿ ದಾಟುತ್ತದೆ. ಅಷ್ಟನ್ನು ಕೂತು ನೋಡುವವರು ಯಾರು ಅಂತಲೂ ಆಗಲೇ ಯೋಚಿಸಿ.

ಜಾಗ ಉಳಿಸಲು ವೇಗ ಇಳಿಸುವ ಮನಸ್ಸಾಗುತ್ತದೆ. ನನಗೂ ಆಯಿತು. ಆದರೆ ಕೂಗು ಎಷ್ಟು ಕೀರಲು ಅನ್ನುವುದನ್ನು ಹೇಳುವುದೂ ಕಿಲೋಹರ್ಟ್ಜ್‌ನಲ್ಲೇ, ಅಳೆಯುವ ವೇಗದ ಅರ್ಧದವರೆಗಿನ ಶಬ್ದ ಮಾತ್ರ ಸರಿಯಾಗಿ ದಾಖಲಾಗುತ್ತದೆ. 384ಕ್ಕೆ 192, 250ಕ್ಕೆ 125. ಅದಕ್ಕಿಂತ ಮೇಲಿನ ಶಬ್ದ ಬಂದರೆ ಕನ್ನಡಿಯ ಬಿಂಬದ ಹಾಗೆ ಕೆಳಕ್ಕೆ ಮಡಚಿಕೊಳ್ಳಬಹುದು: 135ರಲ್ಲಿ ಕೂಗಿದ್ದು 115ರಲ್ಲಿ ಕೂಗಿದ ಹಾಗೆ ಕಾಣುತ್ತದೆ. ಅಷ್ಟು ಮೇಲೆ ಕೂಗುವ ಬಾವಲಿ ಇರಬಹುದಾದ ಸುರಂಗ, ಗುಹೆ, ಹಳೇ ಕಟ್ಟಡದ ಹತ್ತಿರವಾದರೆ 384 ಬಿಟ್ಟು ಇಳಿಯಬೇಡಿ.

ಕಾರ್ಡಿನಿಂದ ಕಂಪ್ಯೂಟರಿಗೆ ಕಾಪಿ ಮಾಡಿ, ಕಟ್ ಮಾಡಬೇಡಿ. ಆಮೇಲೆ ಎರಡೂ ಕಡೆ ಫೈಲಿನ ಸಂಖ್ಯೆ ಮತ್ತು ಒಟ್ಟು ಬೈಟ್ ನೋಡಿ. ಒಮ್ಮೆ 1,080ರ ಬದಲು 1,043 ಬಂದಿತ್ತು. ಸೆಲ್ ಮುಗಿದಿರಬೇಕು ಅಂತ ಕಾರ್ಡ್ ಫಾರ್ಮ್ಯಾಟ್ ಮಾಡಲು ಹೊರಟಿದ್ದೆ. ಮತ್ತೊಮ್ಮೆ ನೋಡಿದರೆ ಕಾರ್ಡಿನಲ್ಲಿ 1,080 ಇತ್ತು. ಕರೆಂಟು ಹೋಗಿ ಬಂದದ್ದರಲ್ಲಿ ಕಾಪಿ ಅರ್ಧಕ್ಕೆ ನಿಂತಿತ್ತು, ಅಷ್ಟೆ. ಅಂದಿನಿಂದ ಎರಡು ಕಡೆ ಪ್ರತಿ ಇಟ್ಟು, ಎರಡೂ ಟ್ಯಾಲಿ ಆದ ಮೇಲೆಯೇ ಕಾರ್ಡ್ ಖಾಲಿ ಮಾಡುವುದು.

ಕಾರ್ಡಿನಿಂದ ಬಂದ ಫೈಲುಗಳು ಇರುವ ಫೋಲ್ಡರಿಗೆ ನಾನು 'ವೋಚರ್' ಅಂತಲೇ ಹೆಸರಿಟ್ಟಿದ್ದೇನೆ. ವೋಚರಿನ ಮೇಲೆ ಯಾರೂ ಗೀಚುವುದಿಲ್ಲ, ಅಲ್ವಾ? ಹೆಸರು ಬದಲಿಸುವುದು, ಕತ್ತರಿಸುವುದು, ಗದ್ದಲ ತೆಗೆಯುವುದು ಎಲ್ಲ ಬೇರೆ ಫೋಲ್ಡರಿನಲ್ಲಿ. ಆಡಿಯೋಮಾತ್ ಪ್ರತಿ ಫೈಲಿನ ತಲೆಭಾಗದಲ್ಲಿ ಸಮಯ, ಯಂತ್ರದ ನಂಬರು, ಬ್ಯಾಟರಿ ವೋಲ್ಟೇಜು ಬರೆದಿರುತ್ತದೆ. ಆಡಾಸಿಟಿಯಂಥ ಶಬ್ದ ತಿದ್ದುವ ಸಾಫ್ಟ್‌ವೇರಿನಲ್ಲಿ ತೆರೆದು ಮತ್ತೆ ಸೇವ್ ಮಾಡಿದರೆ ಅದು ಹೊಸ ಫೈಲು. ಆ ಟಿಪ್ಪಣಿ ಅದರಲ್ಲಿ ಉಳಿದೀತು ಅಂತ ನಂಬಿ ಕೂರಬೇಡಿ.

ಫೋಲ್ಡರಿನ ಹೆಸರಿಗೆ ನನ್ನ ಕ್ರಮ: ಜಾಗ, ಯಂತ್ರ, ತಾರೀಕು. 'ಸುರಂಗ_ಎ1_20240316', ಇಷ್ಟೇ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ, ನಡುವೆ ಖಾಲಿ ಜಾಗ ಬಿಡಬೇಡಿ. ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ. ಹಾಗಿದ್ದರೆ ಪಟ್ಟಿ ತಾನಾಗಿ ಕ್ರಮದಲ್ಲಿ ನಿಲ್ಲುತ್ತದೆ.

ಇನ್ನು ಗಂಟೆಯ ವಿಷಯ. ಮೊದಲ ವಾರ ನನ್ನ ಮೊದಲ ಫೈಲಿನ ಹೆಸರು 20240316_130000. ಮುಂದಿನ ಫೈಲುಗಳಲ್ಲಿ ಬಾವಲಿಯ ಕೂಗು ಧಾರಾಳ. ಅಣ್ಣನಿಗೆ ಫೋನ್ ಮಾಡಿ ಹೇಳಿದೆ, "ನಮ್ಮ ಬಾವಲಿಗಳು ಮಧ್ಯಾಹ್ನ ಒಂದು ಗಂಟೆಗೆ ಹೊರಗೆ ಬರ್ತವೆ!" "ಊಟಕ್ಕೆ ಬಂದಿರ್ಬೇಕು" ಅಂದ ಅವನು. ಹುಡುಗಿ, ಅದೇ ಅಕ್ಕನ ಮಗಳು, ಕೇಳಿ ನಕ್ಕಳು. ಯಂತ್ರ ಬರೆಯುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ. ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಂಜೆ ಆರೂವರೆ.

ಹಾಗಂತ ಫೈಲುಗಳ ಹೆಸರು ತಿದ್ದಲು ಹೋಗಬೇಡಿ. ಯುಟಿಸಿಯಲ್ಲಿ ಒಂದು ಅನುಕೂಲ ಉಂಟು. ನಮ್ಮ ಗಡಿಯಾರದಲ್ಲಿ ನಡುರಾತ್ರಿಗೆ ತಾರೀಕು ಬದಲಾಗಿ ಒಂದೇ ರಾತ್ರಿ ಎರಡು ತುಂಡಾಗುತ್ತದೆ. ಯುಟಿಸಿಯಲ್ಲಿ ತಾರೀಕು ಬದಲಾಗುವುದು ನಮ್ಮ ಬೆಳಗಿನ ಐದೂವರೆಗೆ. ಹೆಚ್ಚುಕಡಿಮೆ ಇಡೀ ರಾತ್ರಿ ಒಂದೇ ತಾರೀಕಿನಲ್ಲಿ ಕೂರುತ್ತದೆ. ನಮ್ಮ ಸಮಯ ಬೇಕಾದರೆ ಎಕ್ಸೆಲ್‌ನಲ್ಲಿ ಒಂದು ಕಾಲಂ ಜಾಸ್ತಿ ಹಾಕಿ.

ಈಗ ಸಾಫ್ಟ್‌ವೇರ್. ಬಾವಲಿಯ ರೆಕಾರ್ಡಿಂಗ್ ನೋಡಿ ವಿಂಗಡಿಸಲು ನಾವು ಬಳಸುವುದು ಕೆಲಿಡೋಸ್ಕೋಪ್. ಫೈಲು ತೆರೆದು ನೋಡಲು ಉಚಿತ ಆವೃತ್ತಿ ಸಾಕು. ಜಾತಿಯ ಹೆಸರು ಊಹಿಸುವ ಪ್ರೊ ಆವೃತ್ತಿಗೆ ದುಡ್ಡು ಕೊಡಬೇಕು. ಎಲ್ಲ ಫೈಲನ್ನೂ ಒಟ್ಟಿಗೆ ಓಡಿಸುವ ಬ್ಯಾಚ್ ಪುಟದಲ್ಲಿ ಎರಡು ದಾರಿ ತೋರಿಸಬೇಕು: ಫೈಲು ಎಲ್ಲಿಂದ ಓದಬೇಕು, ಫಲಿತಾಂಶ ಎಲ್ಲಿ ಹಾಕಬೇಕು. ಎರಡಕ್ಕೂ ಒಂದೇ ಫೋಲ್ಡರ್ ಕೊಟ್ಟರೆ ವೋಚರೂ ಲೆಡ್ಜರೂ ಕಲಸಿಹೋಗುತ್ತವೆ. ಬಾವಲಿ ಇಲ್ಲ, ಬರೀ ಗದ್ದಲ ಅಂತ ಸಾಫ್ಟ್‌ವೇರ್ ಹೇಳುವ ಫೈಲುಗಳನ್ನು ಅಳಿಸುವ ಬದಲು ಬೇರೆ ಫೋಲ್ಡರಿನಲ್ಲಿ ಇಡುವ ಆಯ್ಕೆಯನ್ನೇ ಹಾಕಿ, ನಾನು ಅದಕ್ಕೆ ಕಸದ ಫೋಲ್ಡರ್ ಅನ್ನುವುದು. ಯಾಕೆ ಅಂತ ಹೇಳುತ್ತೇನೆ.

ಸುರಂಗದ ಎದುರು ನಾನೇ ಕೂತಿದ್ದೆ. ಆರೂ ಮುಕ್ಕಾಲರ ಹೊತ್ತಿಗೆ ಒಂದು, ಎರಡು, ಆಮೇಲೆ ಗುಂಪು ಗುಂಪಾಗಿ ತಲೆ ಮೇಲಿಂದಲೇ ಹೋದವು. ಕೆನ್ನೆಗೆ ಗಾಳಿ ತಾಗುವಷ್ಟು ಹತ್ತಿರ. ಆದರೆ ಸಾಫ್ಟ್‌ವೇರ್ ಕೊಟ್ಟ ಪಟ್ಟಿಯಲ್ಲಿ ಆರೂ ಮುಕ್ಕಾಲರಿಂದ ಏಳರ ನಡುವೆ ಬೆರಳೆಣಿಕೆಯ ಫೈಲು. ಲೆಕ್ಕ ಕೂಡಲಿಲ್ಲ. ಕ್ಯಾಶ್ ಕೌಂಟರಿನಲ್ಲಿ ಹತ್ತು ರೂಪಾಯಿ ಕಡಿಮೆ ಬಂದರೂ ಮನೆಗೆ ಬಿಡುತ್ತಿರಲಿಲ್ಲ, ಆ ಅಭ್ಯಾಸ ಹೋಗಿಲ್ಲ. ಕಸದ ಫೋಲ್ಡರ್ ತೆರೆದೆ. ಆ ಕಾಲು ಗಂಟೆಯ ಫೈಲುಗಳು ಸಾಲಾಗಿ ಅಲ್ಲಿದ್ದವು. ಒಂದನ್ನು ತೆರೆದರೆ ಸ್ಪೆಕ್ಟ್ರೋಗ್ರಾಂನ, ಅಂದರೆ ಶಬ್ದವನ್ನು ಗೆರೆಗಳಲ್ಲಿ ತೋರಿಸುವ ಚಿತ್ರದ, ಮೇಲ್ಭಾಗದಲ್ಲಿ, 130 ಕಿಲೋಹರ್ಟ್ಜ್ ದಾಟಿದ ಮೇಲೆ, ಅಡ್ಡಕ್ಕೆ ಇಟ್ಟ ಸೂಜಿಗಳ ಹಾಗೆ ಚಿಕ್ಕ ಚಿಕ್ಕ ಗೆರೆಗಳು. ಪ್ರತಿ ಗೆರೆಯ ಕೊನೆಯಲ್ಲಿ ಕೆಳಕ್ಕೆ ಬಾಗಿದ ಸಣ್ಣ ಬಾಲ. ಅದು ಎಲೆಮೂಗಿನ ಬಾವಲಿಗಳ ಗುಂಪಿನ ಕೂಗು.

ತಪ್ಪು ಸೆಟ್ಟಿಂಗಿನದ್ದು. ಸಾಫ್ಟ್‌ವೇರ್ ಹಾಕಿದಾಗ ಇದ್ದ ಹಾಗೇ 16ರಿಂದ 120 ಕಿಲೋಹರ್ಟ್ಜ್ ನಡುವಿನದ್ದು ಮಾತ್ರ ಬಾವಲಿ ಅಂತ ಬಿಟ್ಟಿದ್ದೆವು. ಮೇಲಿನದ್ದೆಲ್ಲ ಕಸ. ಮೇಲಿನ ಮಿತಿಯನ್ನು 180ಕ್ಕೆ ಏರಿಸಿ, ಅದೇ ವೋಚರನ್ನು ಮತ್ತೆ ಓಡಿಸಿದೆವು. ಮೂಲ ಕೈ ತಾಗದೆ ಇದ್ದದ್ದಕ್ಕೆ ಅದು ಸಾಧ್ಯವಾಯಿತು. ಕೆಳಗಿನ ಮಿತಿಯಲ್ಲೂ ಜಾಗ್ರತೆ. ಮಿಡತೆ ಜಾತಿಯ ಹುಳಗಳು ರಾತ್ರಿಯಿಡೀ ಕಿರುಚಿ ಫೈಲು ತುಂಬಿಸುತ್ತವೆ, ಅದಕ್ಕೆ ಮಿತಿ ಏರಿಸಬೇಕು ಅನಿಸುತ್ತದೆ. ಎತ್ತರದಲ್ಲಿ ವೇಗವಾಗಿ ಹಾರುವ ಕೆಲವು ಬಾವಲಿಗಳು 20ರ ಸುತ್ತಮುತ್ತಲೇ ಕೂಗುವುದರಿಂದ ಅವೂ ಹುಳದ ಜೊತೆ ಹೋಗಿಬಿಡುತ್ತವೆ. ಪ್ರತಿ ಸಲ ಕಸದ ಫೋಲ್ಡರಿನಿಂದ ಮನಸ್ಸಿಗೆ ಬಂದ ಐವತ್ತು ಫೈಲು ತೆಗೆದು ನೋಡುವುದು ಈಗ ನಮ್ಮ ನಿಯಮ.

ಹೆಸರು ಹಚ್ಚುವ ಆಟೋ ಐಡಿಯನ್ನು ನಾನು ಬಂದ್ ಮಾಡಿದ್ದೇನೆ. ಯುರೋಪಿನ ಪಟ್ಟಿ ಹಾಕಿ ಒಮ್ಮೆ ನೋಡಿದ್ದೆವು. ವಿಟ್ಲದ ತೋಟದ ಪುಟ್ಟ ಬಾವಲಿಗೆ ಇಂಗ್ಲೆಂಡಿನ ಬಾವಲಿಯ ಹೆಸರು ಕೊಟ್ಟಿತು, ಅದೂ ಬಹಳ ಭರವಸೆಯಿಂದ! ಅದಕ್ಕೆ ಗೊತ್ತಿರುವ ಹೆಸರುಗಳಲ್ಲೇ ಒಂದನ್ನು ಆರಿಸುತ್ತದೆ, ಪಾಪ. ಹಾಗಾಗಿ ಮ್ಯಾನುಯಲ್ ಐಡಿ ಕಾಲಂನಲ್ಲಿ ಜಾತಿ ಬರೆಯದೆ ಆಕಾರ ಮತ್ತು ಅಂಕಿ ಬರೆಯುತ್ತೇನೆ. 'ಸೂಜಿ 130', 'ಸೂಜಿ 80', 'ಹಾಕಿಕೋಲು 45'. ಮೇಲಿಂದ ಜಾರಿ ಕೊನೆಗೆ ಸಪಾಟಾಗುವ ಕೂಗು ಹಾಕಿಕೋಲು. ಸೂಜಿ 80 ಕುದುರೆಲಾಳ ಮೂಗಿನ ಬಾವಲಿ ಇರಬಹುದು ಅಂತ ಹುಡುಗಿ ಹೇಳುತ್ತಾಳೆ. ಇರಬಹುದು ಅನ್ನುವುದಕ್ಕೆ ಪಕ್ಕದಲ್ಲೊಂದು ಕಾಲಂ ಉಂಟು. ಯಾರು ನೋಡಿದ್ದು, ಯಾವತ್ತು ನೋಡಿದ್ದು ಅನ್ನುವುದಕ್ಕೂ ಒಂದು. ತೋಟದಲ್ಲಿ ಹಣ್ಣಡಿಕೆ ಚೀಪಿ ಉದುರಿಸುವ ದೊಡ್ಡ ಬಾವಲಿಗೆ ಇಲ್ಲಿ ಕಾಲಂ ಇಲ್ಲ. ಅದು ದಾರಿ ಹುಡುಕುವುದು ಕಣ್ಣು ಮೂಗಿನಿಂದ, ಈ ಬಗೆಯ ಕೂಗೇ ಅದಕ್ಕಿಲ್ಲ.

ಕಿವಿಗೆ ಕೇಳಿಸಬೇಕಾದರೆ ಹತ್ತು ಪಟ್ಟು ನಿಧಾನ ಮಾಡಿ. 40 ಕಿಲೋಹರ್ಟ್ಜಿನ ಕೂಗು 4ಕ್ಕೆ ಇಳಿದು ಹಕ್ಕಿಯ ಹಾಗೆ ಕೇಳುತ್ತದೆ. ಬೇಟೆ ಸಿಕ್ಕುವ ಹೊತ್ತಿಗೆ ಕೂಗುಗಳು ಒತ್ತೊತ್ತಾಗಿ ಬಂದು 'ಟರ್ರ್' ಅನ್ನುವುದು ನನಗೆ ಬಲು ಇಷ್ಟ. ಹಾಗೆ ನಿಧಾನ ಮಾಡಿದ ಫೈಲನ್ನು ಸೇವ್ ಮಾಡುವುದಾದರೆ ಹೆಸರಿನಲ್ಲೇ 'ನಿಧಾನ10' ಅಂತ ಇರಲಿ. ಇಲ್ಲದಿದ್ದರೆ ಸಾಫ್ಟ್‌ವೇರ್ ಅದನ್ನು 4 ಕಿಲೋಹರ್ಟ್ಜಿನ ಯಾವುದೋ ಪ್ರಾಣಿ ಅಂತ ಓದುತ್ತದೆ.

ಕೊನೆಗೆ ಸಾಫ್ಟ್‌ವೇರಿನಿಂದ ಸಿಗುವ, ಕಾಲಂಗಳ ನಡುವೆ ಅಲ್ಪವಿರಾಮ ಹಾಕಿ ಬರೆದ ಸಿಎಸ್‌ವಿ ಪಟ್ಟಿಯನ್ನು ನೇರ ಎಕ್ಸೆಲ್‌ನಲ್ಲಿ ತೆರೆದು ಸೇವ್ ಒತ್ತಬೇಡಿ. ಸಂಖ್ಯೆಯ ಮೊದಲಿನ ಸೊನ್ನೆ ನುಂಗುತ್ತದೆ, ತಾರೀಕನ್ನು ತನಗೆ ಬೇಕಾದ ಹಾಗೆ ತಿರುಗಿಸುತ್ತದೆ. ಒಂದು ಪ್ರತಿ ಮಾಡಿ ಅದರಲ್ಲಿ ಕೆಲಸ ಮಾಡಿ. ಯಾವ ಸೆಟ್ಟಿಂಗಿನಲ್ಲಿ ಓಡಿಸಿದ್ದು ಅನ್ನುವುದನ್ನು ಅದೇ ಫೋಲ್ಡರಿನಲ್ಲಿ ಒಂದು ನೋಟ್‌ಪ್ಯಾಡ್ ಫೈಲಿನಲ್ಲಿ ಬರೆದಿಡಿ. '16–120, ಮಾರ್ಚ್' ಮತ್ತು '16–180, ಏಪ್ರಿಲ್' ಅಂತ ನನ್ನಲ್ಲಿ ಎರಡು ಪಟ್ಟಿ ಉಂಟು. ಹಳೆಯದನ್ನು ಅಳಿಸಿಲ್ಲ.

ಹಾರ್ಡ್ ಡಿಸ್ಕ್ ಎರಡು. ಒಂದು ಬಿಜೈಯಲ್ಲಿ, ಒಂದು ಹುಡುಗಿಯ ಹಾಸ್ಟೆಲಿನಲ್ಲಿ. ಒಂದೇ ಕಪಾಟಿನಲ್ಲಿ ಎರಡಿಟ್ಟರೆ ಎರಡಿಟ್ಟ ಹಾಗೆ ಆಗುವುದಿಲ್ಲ. ನಮ್ಮ ಮಳೆಗಾಲಕ್ಕೆ ಬಿಗಿ ಮುಚ್ಚಳದ ಡಬ್ಬಿ ಬೇಕು. ನನ್ನದು ಇರುವುದು ಚಕ್ಕುಲಿ ಡಬ್ಬಿಯಲ್ಲಿ, ಚಪ್ಪಲಿ ಪೆಟ್ಟಿಗೆಯಿಂದ ಕೂಡಿಟ್ಟ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ. ಮೊನ್ನೆ ಮನೆಗೆ ಬಂದ ಅಣ್ಣ ಚಕ್ಕುಲಿಗೆ ಅಂತ ಮುಚ್ಚಳ ತೆಗೆದು, ಸುಮ್ನೆ ಮುಚ್ಚಿಟ್ಟ.