ಫ್ರಿಜ್ಜಿನ ಕರೆಂಟ್ ಖರ್ಚು: ಅಳೆಯುವುದು ಹೇಗೆ, ಇಳಿಸುವುದು ಎಲ್ಲಿ

ಫ್ರಿಜ್ಜಿನ ಹಿಂದಿನ ಚೀಟಿಯಲ್ಲಿ 150 ವ್ಯಾಟ್ ಎಂದಿದ್ದರೆ ಅದನ್ನು 24 ಗಂಟೆಗೆ ಗುಣಿಸಿ, ದಿನಕ್ಕೆ 3.6 ಯೂನಿಟ್ ಎಂದು ಗಾಬರಿಯಾಗುವವರು ಬಹಳ ಜನ. ಕಂಪ್ರೆಸರ್ ಹಾಗೆ ದಿನವಿಡೀ ಓಡುವುದಿಲ್ಲ. ಒಳಗೆ ತಂಪು ಸಾಕಾದಾಗ ನಿಲ್ಲುತ್ತದೆ, ಬಿಸಿ ಏರಿದಾಗ ಮತ್ತೆ ಶುರುವಾಗುತ್ತದೆ. ಸರಿಯಾಗಿರುವ ಫ್ರಿಜ್ಜಿನಲ್ಲಿ ಅದು ಓಡುವುದು ದಿನದ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ, ಅಷ್ಟೇ. ವೇಗ ಏರಿಳಿಸಿಕೊಂಡು ಓಡುವ ಇನ್ವರ್ಟರ್ ಕಂಪ್ರೆಸರ್ ಮಾತ್ರ ಹೆಚ್ಚು ಹೊತ್ತು ಓಡುತ್ತಲೇ ಇರುತ್ತದೆ, ಆದರೆ ಕಡಿಮೆ ವ್ಯಾಟ್‌ನಲ್ಲಿ. ಅದು ನಿಲ್ಲುತ್ತಿಲ್ಲವೆಂದು ಮೆಕ್ಯಾನಿಕ್‌ನನ್ನು ಕರೆಸಬೇಕಿಲ್ಲ.

ಹಾಗಾಗಿ ಚೀಟಿ ನೋಡಿ ಗುಣಿಸುವುದು ಬಿಟ್ಟು ಅಳೆಯಬೇಕು.

ಮೊದಲು ಅಳತೆ

ಒಳ್ಳೆಯ ದಾರಿ ಎಂದರೆ ಸಾಕೆಟ್‌ಗೂ ಫ್ರಿಜ್ ಪ್ಲಗ್‌ಗೂ ನಡುವೆ ಸಿಕ್ಕಿಸುವ ಎನರ್ಜಿ ಮೀಟರ್. ಅದರಲ್ಲಿ ಆ ಕ್ಷಣದ ವ್ಯಾಟ್ ನೋಡಿ ಪ್ರಯೋಜನವಿಲ್ಲ, ಒಟ್ಟು ಯೂನಿಟ್ ನೋಡಬೇಕು. ಕನಿಷ್ಠ ಮೂರು ದಿನ, ಸಾಧ್ಯವಾದರೆ ಒಂದು ವಾರ ಬಿಡಿ. ಫ್ರಾಸ್ಟ್ ಫ್ರೀ ಫ್ರಿಜ್‌ಗಳಲ್ಲಿ ಮಂಜು ಕರಗಿಸುವ ಹೀಟರ್ ಆಗಾಗ ಸ್ವಲ್ಪ ಹೊತ್ತು ಉರಿಯುತ್ತದೆ, ಆಗ ಕಂಪ್ರೆಸರ್‌ಗಿಂತಲೂ ಹೆಚ್ಚು ವ್ಯಾಟ್ ಎಳೆಯಬಹುದು. ಎರಡು ಗಂಟೆ ಅಳೆದರೆ ಅದು ಲೆಕ್ಕಕ್ಕೆ ಸಿಗದೇ ಹೋಗಬಹುದು, ಇಲ್ಲವೇ ಅದೊಂದೇ ಸಿಕ್ಕಬಹುದು.

ಐದು ದಿನಕ್ಕೆ 4.6 ಯೂನಿಟ್ ಬಂತು ಎನ್ನಿ. ದಿನಕ್ಕೆ 0.92, ತಿಂಗಳಿಗೆ ಸುಮಾರು 28 ಯೂನಿಟ್. ಇದನ್ನು ಯೂನಿಟ್ ದರದಿಂದ ಗುಣಿಸಿದರೆ ಖರ್ಚು ಸಿಕ್ಕಿತು. ಬಿಲ್ಲಿನ ಒಟ್ಟು ಮೊತ್ತವನ್ನು ಯೂನಿಟ್‌ಗಳಿಂದ ಭಾಗಿಸಿ ದರ ತೆಗೆಯಬೇಡಿ. ಅದರಲ್ಲಿ ನಿಗದಿತ ಶುಲ್ಕವೂ ಸೇರಿರುತ್ತದೆ, ಫ್ರಿಜ್ ಆರಿಸಿದರೂ ಅದು ಇಳಿಯುವುದಿಲ್ಲ. ಸ್ಲ್ಯಾಬ್ ಪ್ರಕಾರ ದರ ಏರುವ ಕಡೆ ಉಳಿತಾಯವನ್ನು ನೀವು ತಲುಪಿರುವ ಮೇಲಿನ ಸ್ಲ್ಯಾಬ್ ದರದಲ್ಲೇ ಲೆಕ್ಕ ಹಾಕಿ, ಏಕೆಂದರೆ ಮೊದಲು ಕಡಿಮೆಯಾಗುವುದು ಆ ಯೂನಿಟ್‌ಗಳೇ.

ಮೀಟರ್ ಇಲ್ಲದಿದ್ದರೆ ಮನೆಯ ಮುಖ್ಯ ಮೀಟರ್ ಸಾಕು. ಫ್ರಿಜ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಆರಿಸಿ. ಮೀಟರ್ ಮೇಲೆ ಮಿನುಗುವ ಕೆಂಪು ಎಲ್‌ಇಡಿಯ ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂದು ಬರೆದಿರುತ್ತದೆ, 3200 ಎನ್ನೋಣ. ಕಂಪ್ರೆಸರ್ ಓಡುವಾಗ ಎರಡು ಮಿನುಗುಗಳ ನಡುವಿನ ಸೆಕೆಂಡುಗಳನ್ನು 3200ರಿಂದ ಗುಣಿಸಿ, ಆ ಸಂಖ್ಯೆಯಿಂದ 36 ಲಕ್ಷವನ್ನು ಭಾಗಿಸಿದರೆ ವ್ಯಾಟ್ ಬರುತ್ತದೆ. 12 ಸೆಕೆಂಡ್ ಅಂತರವಿದ್ದರೆ ಸುಮಾರು 94 ವ್ಯಾಟ್. ಕಂಪ್ರೆಸರ್ ಎಷ್ಟು ನಿಮಿಷ ಓಡಿತು, ಎಷ್ಟು ನಿಮಿಷ ನಿಂತಿತು ಎಂಬುದನ್ನೂ ಮೂರು ನಾಲ್ಕು ಸುತ್ತು ಬರೆದುಕೊಳ್ಳಿ. ಓಡಿದ ನಿಮಿಷಗಳನ್ನು ಒಟ್ಟು ನಿಮಿಷಗಳಿಂದ ಭಾಗಿಸಿ, ಆ ಪಾಲನ್ನು ವ್ಯಾಟ್‌ನಿಂದಲೂ 24ರಿಂದಲೂ ಗುಣಿಸಿ 1000ದಿಂದ ಭಾಗಿಸಿದರೆ ದಿನದ ಯೂನಿಟ್. ಇದು ಅಂದಾಜು ಮಾತ್ರ. ತಂತಿಯ ಸುತ್ತ ಹಿಡಿದು ಅಳೆಯುವ ಕ್ಲಾಂಪ್ ಮೀಟರಿನ ಆಂಪಿಯರನ್ನು ವೋಲ್ಟೇಜಿನಿಂದ ಗುಣಿಸುವುದಂತೂ ಬೇಡ. ಪವರ್ ಫ್ಯಾಕ್ಟರ್, ಅಂದರೆ ಆ ಗುಣಲಬ್ಧದಲ್ಲಿ ನಿಜವಾಗಿ ಬಳಕೆಯಾಗುವ ಪಾಲು ಎಷ್ಟು ಎಂಬುದು, ಬಿಟ್ಟುಹೋಗಿ, ಸಾಧಾರಣ ಕಂಪ್ರೆಸರ್‌ನಲ್ಲಿ ಉತ್ತರ ನಿಜಕ್ಕಿಂತ ಜಾಸ್ತಿಯೇ ಬರುತ್ತದೆ.

ಮಧ್ಯಮ ಗಾತ್ರದ ಈಚಿನ ಫ್ರಿಜ್ ದಿನಕ್ಕೆ ಅರ್ಧದಿಂದ ಒಂದು ಯೂನಿಟ್ ತಿಂದರೆ ಚಿಂತೆಯಿಲ್ಲ. ಎರಡು ದಾಟಿದರೆ ಎಲ್ಲೋ ಕರೆಂಟ್ ಪೋಲಾಗುತ್ತಿದೆ.

ಯೂನಿಟ್ ಹೋಗುವ ಜಾಗಗಳು

ಬಾಗಿಲು ಪದೇ ಪದೇ ತೆಗೆಯುವುದೇ ಖರ್ಚಿಗೆ ಕಾರಣ ಎಂದು ಮನೆಮಂದಿಯನ್ನೆಲ್ಲ ಗದರುವುದುಂಟು. ಲೆಕ್ಕ ಹಾಕಿದರೆ ಅದರ ಪಾಲು ಚಿಕ್ಕದು. ಒಳಗಿನ ಗಾಳಿಯೆಲ್ಲ ಬದಲಾಯಿತು ಎಂದುಕೊಂಡರೂ ನಲವತ್ತು ಸಲ ತೆಗೆದದ್ದಕ್ಕೆ ತಗಲುವುದು ಸುಮಾರು 0.1 ಯೂನಿಟ್. ಇಪ್ಪತ್ತನಾಲ್ಕು ಗಂಟೆಯೂ ನಡೆಯುವ ಸೋರಿಕೆ ಇದಕ್ಕಿಂತ ದುಬಾರಿ.

ಒಳಗಿನ ದೀಪವನ್ನೇ ನೋಡಿ. ಬಾಗಿಲ ಚೌಕಟ್ಟಿನ ಪುಟ್ಟ ಸ್ವಿಚ್ ಕೊಳೆಯಿಂದ ಅಂಟಿಕೊಂಡರೆ, ಇಲ್ಲವೇ ಬಾಗಿಲು ಜೋತುಬಿದ್ದು ಅದಕ್ಕೆ ತಾಗದೇ ಹೋದರೆ ಬಲ್ಬ್ ಆರುವುದೇ ಇಲ್ಲ. 15 ವ್ಯಾಟ್‌ನ ಹಳೆಯ ಬಲ್ಬ್ ದಿನಕ್ಕೆ 0.36 ಯೂನಿಟ್ ತಿನ್ನುತ್ತದೆ. ಅದು ಹೊರಬಿಡುವ ಶಾಖವನ್ನು ಹೊರಹಾಕಲು ಕಂಪ್ರೆಸರ್ ಮತ್ತಷ್ಟು ಓಡಬೇಕು. ಎರಡೂ ಸೇರಿ ಅರ್ಧ ಯೂನಿಟ್ ಆಯಿತು. ಫೋನಿನಲ್ಲಿ ವಿಡಿಯೋ ಆನ್ ಮಾಡಿ ತಟ್ಟೆಯ ಮೇಲಿಟ್ಟು ಬಾಗಿಲು ಮುಚ್ಚಿ, ಅರ್ಧ ನಿಮಿಷ ಬಿಟ್ಟು ತೆಗೆದು ನೋಡಿ. ಕತ್ತಲಾಗಿದ್ದರೆ ಸರಿ.

ಮುಂದೆ ಗ್ಯಾಸ್ಕೆಟ್, ಅಂದರೆ ಬಾಗಿಲಂಚಿನ ರಬ್ಬರ್. ಕಾಗದದ ಪಟ್ಟಿಯನ್ನು ಅರ್ಧ ಹೊರಗಿರುವಂತೆ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಬಿಗಿಯಾಗಿ ಬರಬೇಕು. ಸುತ್ತಲೂ ಹತ್ತು ಹನ್ನೆರಡು ಕಡೆ ಹೀಗೆ ಮಾಡಿ, ಕೆಳಗಿನ ಮೂಲೆ ಮತ್ತು ಕೀಲಿನ ಬದಿಯನ್ನು ಮರೆಯದೆ. ಸಡಿಲವಿರುವ ಕಡೆ ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ಮಡಿಕೆಗಳ ಒಳಗೆಲ್ಲ ಒರೆಸಿ. ಹೆಚ್ಚಿನ ಸಲ ಜಿಡ್ಡೇ ಕಾರಣವಾಗಿರುತ್ತದೆ. ರಬ್ಬರ್ ಸೊಟ್ಟಗಾಗಿದ್ದರೆ ಹೇರ್ ಡ್ರೈಯರ್‌ನಿಂದ ಮೆತ್ತಗೆ ಕಾಯಿಸಿ, ಕೈಯಲ್ಲಿ ಹೊರಕ್ಕೆಳೆದು ಆಕಾರಕ್ಕೆ ತನ್ನಿ. ಸೀಳಿದ್ದರೆ ಬದಲಿಸಲೇಬೇಕು, ಅಂಟು ನಿಲ್ಲುವುದಿಲ್ಲ.

ಕಂಡೆನ್ಸರ್, ಅಂದರೆ ಒಳಗಿನ ಶಾಖವನ್ನು ಹೊರಬಿಡುವ ಕೊಳವೆ, ಹಿಂಬದಿಯ ಕಪ್ಪು ಜಾಲರಿಯಾಗಿದ್ದರೆ ಪ್ಲಗ್ ತೆಗೆದು ಮೆತ್ತನೆ ಬ್ರಷ್‌ನಿಂದ ಧೂಳು ಕೆಡವಿ. ಜಾಲರಿ ಕಾಣದೆ ಫ್ರಿಜ್ಜಿನದೇ ಪಕ್ಕದ ಗೋಡೆ ಬಿಸಿಯಾಗುತ್ತಿದ್ದರೆ ಕಂಡೆನ್ಸರ್ ಆ ಗೋಡೆಯೊಳಗಿದೆ, ಅದು ದೋಷವಲ್ಲ. ಆ ಬದಿಗೆ ಕಪಾಟು ಒತ್ತಿ ಇಡಬೇಡಿ. ಕೈಪಿಡಿ ಬೇರೆ ಹೇಳದಿದ್ದರೆ ಎಲ್ಲ ಕಡೆ 5ರಿಂದ 10 ಸೆಂ.ಮೀ. ಜಾಗ ಬಿಡಿ. ಸ್ಟವ್, ಬಿಸಿಲು ಬೀಳುವ ಕಿಟಕಿ, ಗಾಳಿಯಾಡದ ಮೂಲೆ ಮೂರೂ ಆಗಿಬರುವುದಿಲ್ಲ. ಕೋಣೆಯ ಬಿಸಿ 16 ಡಿಗ್ರಿಯಿಂದ 32ಕ್ಕೆ ಏರಿದರೆ ಅದೇ ಫ್ರಿಜ್ ಹೆಚ್ಚುಕಡಿಮೆ ಎರಡರಷ್ಟು ಕರೆಂಟ್ ತಿನ್ನಬಹುದು.

ತಾಪಮಾನ ಫ್ರಿಜ್ಜಿನಲ್ಲಿ 4 ಡಿಗ್ರಿ, ಫ್ರೀಜರ್‌ನಲ್ಲಿ ಮೈನಸ್ 18 ಸಾಕು. ತಿರುಗಿಸುವ ನಾಬ್ ಮೇಲಿನ 1ರಿಂದ 7ರವರೆಗಿನ ಅಂಕಿಗಳು ಡಿಗ್ರಿಗಳಲ್ಲ, ಸಾಮಾನ್ಯವಾಗಿ ಅಂಕಿ ಏರಿದಷ್ಟೂ ತಂಪು ಹೆಚ್ಚು. ನಡುವಿನ ಅರೆಯಲ್ಲಿ ಒಂದು ಲೋಟ ನೀರಿಟ್ಟು, ಅದರಲ್ಲಿ ಥರ್ಮಾಮೀಟರ್ ಮುಳುಗಿಸಿ ಒಂದು ರಾತ್ರಿ ಬಿಟ್ಟು ನೋಡಿ. ಅಂಕಿಯನ್ನು ಒಂದೊಂದೇ ಬದಲಿಸಿ, ಮತ್ತೊಂದು ದಿನ ಕಾದು ಮತ್ತೆ ನೋಡಿ.

ಕೈಯಿಂದ ಡಿಫ್ರಾಸ್ಟ್ ಮಾಡುವ ಫ್ರೀಜರ್‌ನಲ್ಲಿ ಮಂಜು 5 ಮಿ.ಮೀ. ದಪ್ಪವಾದರೆ ಕರಗಿಸಿ. ಚಾಕುವಿನಿಂದ ಕೆತ್ತಬೇಡಿ. ಕೊಳವೆ ತೂತಾದರೆ ಗ್ಯಾಸ್ ಹೋಗುತ್ತದೆ, ಅದು ಆರ್600ಎ ಆಗಿದ್ದರೆ ಬೆಂಕಿ ಹೊತ್ತುವ ಗ್ಯಾಸ್ ಬೇರೆ.

ಸ್ಟೆಬಿಲೈಜರ್ ಇದ್ದರೆ ಅದನ್ನೂ ಅಳೆಯಿರಿ. ಬರೀ 5 ವ್ಯಾಟ್ ತಿಂದರೂ ತಿಂಗಳಿಗೆ 3.6 ಯೂನಿಟ್. ಫ್ರಿಜ್ಜಿನಲ್ಲೇ ವೋಲ್ಟೇಜ್ ರಕ್ಷಣೆಯಿದ್ದು, ನಿಮ್ಮಲ್ಲಿ ವೋಲ್ಟೇಜ್ ಕೈಪಿಡಿ ಹೇಳಿದ ಮಿತಿಯೊಳಗೇ ಇರುವುದಾದರೆ ಅದರ ಅಗತ್ಯವಿಲ್ಲ. ರಾತ್ರಿ ಫ್ರಿಜ್ ಆರಿಸುವ ಉಪಾಯ ಮಾತ್ರ ಬೇಡ. ಉಳಿದಂತೆ ಕಂಡದ್ದನ್ನು ಬಹುಪಾಲು ಬೆಳಿಗ್ಗೆ ಕಂಪ್ರೆಸರ್ ಮರಳಿ ತಿನ್ನುತ್ತದೆ, ನಡುವೆ ಆಹಾರ ಕೆಡುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಅಂಕಿ ಇಳಿಯದಿದ್ದರೆ ಬದಲಿಸುವ ಲೆಕ್ಕಕ್ಕೆ ಬನ್ನಿ. ಈಗಿನ ವಾರ್ಷಿಕ ಯೂನಿಟ್‌ಗಳಿಂದ ಹೊಸ ಫ್ರಿಜ್ಜಿನ ಲೇಬಲ್ ಮೇಲಿನ ವಾರ್ಷಿಕ ಯೂನಿಟ್‌ಗಳನ್ನು ಕಳೆದು ದರದಿಂದ ಗುಣಿಸಿ, ಹೊಸದರ ಬೆಲೆಯನ್ನು ಆ ಮೊತ್ತದಿಂದ ಭಾಗಿಸಿದರೆ ಎಷ್ಟು ವರ್ಷಕ್ಕೆ ಹಣ ಮರಳುತ್ತದೆಂದು ಗೊತ್ತಾಗುತ್ತದೆ. ಲೇಬಲ್ ಅಂಕಿ ಪ್ರಯೋಗಾಲಯದ್ದು, ಸ್ವಲ್ಪ ಸೇರಿಸಿಕೊಳ್ಳಿ. ಹಳೆಯದನ್ನು ನೀರಿನ ಬಾಟಲಿಗೆಂದು ಇನ್ನೊಂದು ಕೋಣೆಯಲ್ಲಿ ಓಡಿಸುವ ಯೋಚನೆಯಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ಹಳೆಯದರ ಯೂನಿಟ್ ಹಾಗೇ ಉಳಿದು ಅದರ ಮೇಲೆ ಹೊಸದರದ್ದೂ ಸೇರುತ್ತದೆ.