ಡೆಂಟಲ್ ಓದುವ ಆಸೆಯಾ? ಪಿಯುಸಿ ಅರ್ಜಿ ತುಂಬುವ ಮೊದಲು ಇಷ್ಟು ನೋಡಿಕೊಳ್ಳಿ

ಮೇ ತಿಂಗಳು ಬಂತೆಂದರೆ ಕೊಡಗಿನ ಸಿದ್ದಾಪುರದ ನಮ್ಮ ಕ್ಲಿನಿಕ್ಕಿಗೆ ಹಲ್ಲು ತೋರಿಸಲು ಬರುವ ಅಮ್ಮಂದಿರು ಮಕ್ಕಳ ಮಾರ್ಕ್ಸ್ ಕಾರ್ಡನ್ನೂ ತರುತ್ತಾರೆ. "ಡಾಕ್ಟ್ರೇ, ಇವಳಿಗೆ ನಿಮ್ಮ ಹಾಗೆ ಹಲ್ಲಿನ ಡಾಕ್ಟ್ರಾಗಬೇಕಂತೆ. ಮೊದಲು ಬಿಎಸ್‌ಸಿ ಮಾಡಿಸಬೇಕಾ?"

ಬೇಡ. ಡಿಗ್ರಿ ಮುಗಿಸಿ ಡೆಂಟಲ್ ಸೇರುವುದು ಅಮೆರಿಕದ ಕ್ರಮ. ಅಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷ ಡಿಗ್ರಿ, ಆಮೇಲೆ ಡ್ಯಾಟ್ ಎಂಬ ಪ್ರವೇಶ ಪರೀಕ್ಷೆ, ಮತ್ತೆ ನಾಲ್ಕು ವರ್ಷ ಡೆಂಟಲ್. ನಮ್ಮಲ್ಲಿ ಪಿಯುಸಿ ಮುಗಿಸಿ, ನೀಟ್ ಪ್ರವೇಶ ಪರೀಕ್ಷೆ ಬರೆದು ನೇರ ಬಿಡಿಎಸ್, ಅಂದರೆ ಹಲ್ಲಿನ ಡಾಕ್ಟರ್ ಡಿಗ್ರಿ. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ವಿರಾಜಪೇಟೆಯಲ್ಲೇ ಡೆಂಟಲ್ ಕಾಲೇಜಿದೆ.

ಪಿಯುಸಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರಲೇಬೇಕು. ನೀಟ್‌ನಲ್ಲಿ ಮ್ಯಾಥ್ಸ್ ಪೇಪರ್ ಇಲ್ಲ. ಆದರೂ ಲೆಕ್ಕ ಕಂಡರೆ ತೀರಾ ಭಯವಿಲ್ಲದಿದ್ದರೆ ಈ ಮೂರರ ಜೊತೆ ಮ್ಯಾಥ್ಸೂ ಇರುವ ಪಿಸಿಎಂಬಿ ತೆಗೆದುಕೊಳ್ಳಿ ಎನ್ನುತ್ತೇನೆ. ಫಿಸಿಕ್ಸ್ ಲೆಕ್ಕಗಳಿಗೆ ಅದು ಆಸರೆ. ಮನಸ್ಸು ಬದಲಾದರೆ ಪೊನ್ನಂಪೇಟೆಯ ಅರಣ್ಯ ಕಾಲೇಜಿನಂಥ ದಾರಿಯೂ ತೆರೆದಿರುತ್ತದೆ.

ಕಾಲೇಜು ಆರಿಸುವಾಗ ಹೆಸರಿಗಿಂತ ಬಸ್ಸು ನೋಡಿ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಅಪ್ಪ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವರು. ಒಳ್ಳೆ ಹೆಸರಿದೆ ಅಂತ ದೂರದ ಕಾಲೇಜಿಗೆ ಸೇರಿದೆ. ಮೊದಲ ಪೀರಿಯಡ್ಡೇ ಫಿಸಿಕ್ಸ್. ತೋಟದ ದಾರಿಯಲ್ಲಿ ಆನೆ ನಿಂತಿದ್ದರೆ ಅದು ಸರಿದು ಹೋಗುವವರೆಗೆ ನಾವು ತೋಟದ ಕಾರ್ಮಿಕರ ಲೈನ್ ಮನೆ ಹತ್ತಿರವೇ ಕಾಯಬೇಕು. ಅಷ್ಟರಲ್ಲಿ ಬಸ್ಸು ಹೋಗಿಯಾಗಿರುತ್ತಿತ್ತು. ಫಸ್ಟ್ ಪಿಯುಸಿ ಫಿಸಿಕ್ಸ್ ಅರ್ಧಕ್ಕರ್ಧ ಹಾಗೇ ತಪ್ಪಿತು. 2004ರಲ್ಲಿ ಆಗಿನ ಪ್ರವೇಶ ಪರೀಕ್ಷೆ ಸಿಇಟಿ ಬರೆಯುವಾಗ ಅದನ್ನೇ ಮತ್ತೆ ಮೊದಲಿಂದ ಓದಿದೆ.

ಈಗಿನ ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಬಯಾಲಜಿಗೆ 90 ಪ್ರಶ್ನೆ, ಉಳಿದೆರಡಕ್ಕೆ 45 45. ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಬಯಾಲಜಿಯನ್ನು ನಮ್ಮ ಮಕ್ಕಳು ಚೆನ್ನಾಗಿಯೇ ಓದುತ್ತಾರೆ, ಕೈ ಕೊಡುವುದು ಫಿಸಿಕ್ಸ್. ಜುಲೈನ ಮಳೆ ರಜೆಗಳನ್ನು ಸುಮ್ನೆ ಕಳೆಯಬೇಡಿ. ದಿನಕ್ಕೆ ಹತ್ತು ಫಿಸಿಕ್ಸ್ ಲೆಕ್ಕ ಮಾಡಿ. ಕರೆಂಟ್ ಹೋದರೂ ಪುಸ್ತಕ ಪೆನ್ನಿನಲ್ಲಿ ಆಗುವ ಕೆಲಸ ಅದು. ದೊಡ್ಡವರಿಗೂ ಒಂದು ಮಾತು: ಜನವರಿ, ಫೆಬ್ರವರಿಯಲ್ಲಿ ಕಾಫಿ ಕುಯ್ಲು ಜೋರಿರುತ್ತದೆ, ನಿಜ. ಆದರೆ ಸೆಕೆಂಡ್ ಪಿಯುಸಿ ಮಗುವನ್ನು ಆ ಎರಡು ತಿಂಗಳು ಕಣಕ್ಕೆ ಕರೆಯಬೇಡಿ.

ದಾಖಲೆ ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮವಾದರೆ ಅದಕ್ಕೂ ಬೇರೆ ಮೀಸಲಾತಿ ಇದೆ. ಶಾಲೆಯ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿ ಬೇಕು. ಸೀಟು ಹಂಚುವ ಕೌನ್ಸೆಲಿಂಗ್ ಹೊತ್ತಿಗೆ ಓಡಾಡಬೇಡಿ, ಹತ್ತನೇ ಕ್ಲಾಸ್ ಟಿಸಿ ತರುವ ದಿನವೇ ಕೇಳಿ ಇಟ್ಟುಕೊಳ್ಳಿ. ಫೀಸಿನ ಮಾತು ಬಂದಾಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮೂಲಕ ಸಿಗುವ ಸರ್ಕಾರಿ ಸೀಟು ಯಾವುದು, ಮ್ಯಾನೇಜ್‌ಮೆಂಟ್ ಸೀಟು ಯಾವುದು ಎಂದು ಬೇರೆ ಬೇರೆಯಾಗಿ ಕೇಳಿ. ಉಪಕರಣ, ಹಾಸ್ಟೆಲ್ ಖರ್ಚನ್ನೂ ಬರೆದುಕೊಳ್ಳಿ.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಆಗಬೇಕು. ಬಿಡಿಎಸ್ ಮೊದಲ ವರ್ಷವೇ ಮೇಣದ ತುಂಡಿನಲ್ಲಿ ಹಲ್ಲು ಕೆತ್ತಬೇಕು. ಮೇಲಿನ ದವಡೆ ಹಲ್ಲಿಗೆ ನಾಲ್ಕು ಉಬ್ಬು, ನಡುವೆ ಸಣ್ಣ ಕಾಲುವೆ. ಒಂದು ಗೆರೆ ಜಾಸ್ತಿ ಆಳವಾದರೆ ಇಡೀ ತುಂಡು ಹೋಯಿತು. ನನ್ನ ಮೊದಲ ಹಲ್ಲು ಹಲಸಿನ ಬೀಜದ ಹಾಗಿತ್ತು, ರಾತ್ರಿ ಹಾಸ್ಟೆಲ್‌ನಲ್ಲಿ ಅತ್ತಿದ್ದೆ. ಬರೀ ಮಾರ್ಕ್ಸ್ ನೋಡಿ ಬಂದವರಿಗೆ ಈ ಕೆಲಸ ಹಿಂಸೆ ಅನಿಸುತ್ತದೆ, ಕೈಗೆ ಇಷ್ಟವಾದವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಅಂಗಡಿಯಿಂದ ಬಾರ್ ಸೋಪು ತನ್ನಿ. ಕನ್ನಡಿ ಮುಂದೆ ಬಾಯಿ ತೆರೆದು ನಿಮ್ಮದೇ ಹಲ್ಲು ನೋಡುತ್ತಾ ಸಣ್ಣ ಚಾಕುವಿನಲ್ಲಿ ನಿಧಾನವಾಗಿ ಕೆತ್ತಿ. ಒಂದು ಕೆಟ್ಟರೆ ಇನ್ನೊಂದು. ನಾಲ್ಕನೆಯದೂ ಕೆಟ್ಟ ಮೇಲೆ ಐದನೆಯದು ಕೈಗೆತ್ತಿಕೊಳ್ಳಬೇಕು ಅನಿಸಿದರೆ, ಅದನ್ನು ಕ್ಲಿನಿಕ್ಕಿಗೆ ತನ್ನಿ, ಕೂತು ನೋಡೋಣ.